ಅಪ್‌ಡೇಟ್: ಎಫ್‌ಬಿಐಗೆ ಅರ್ಜಿ ಹಾಕಿದೆ

ಕೆಮಿಸ್ಟ್ರಿ ಓದಿ ಮೂರು ವರ್ಷ ಲ್ಯಾಬ್‌ನಲ್ಲಿ ಕೆಲಸ ಮಾಡಿದವಳು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನಲ್ಲಿ ಸ್ಪೆಷಲ್ ಏಜೆಂಟ್ (ತನಿಖಾಧಿಕಾರಿ) ಆಗಬಹುದಾ ಅಂತ ಹೋದ ವರ್ಷ ಕೇಳಿದ್ದೆ. ಆಗಬಹುದು! ಲಾ ಓದಿರಲೇಬೇಕು ಅಂತ ಸುಮ್ನೆ ಹೆದರಿದ್ದೆ, ಡಿಗ್ರಿ ಜೊತೆಗೆ ಎರಡು ವರ್ಷ ಪೂರ್ಣಾವಧಿ ಕೆಲಸ ಮಾಡಿದ್ದರೆ ಸಾಕು, ವಿಜ್ಞಾನ ಓದಿದವರು ಅವರಿಗೂ ಬೇಕು. ಅಮೆರಿಕದ ಪೌರತ್ವ ಮಾತ್ರ ಇರಲೇಬೇಕು, ಗ್ರೀನ್ ಕಾರ್ಡ್ ಸಾಲದು. 23 ತುಂಬಿರಬೇಕು, 36 ತುಂಬುವುದರೊಳಗೆ ಅರ್ಜಿ ಹಾಕಬೇಕು. ನನಗೆ 29.

ಮೊದಲ ಹಂತದ ಪರೀಕ್ಷೆ ಪಾಸಾಯಿತು. ಮುಂದೆ ದೈಹಿಕ ಸಾಮರ್ಥ್ಯದ ಪರೀಕ್ಷೆಯೂ ಇದೆ, ಈಗ ಚಿಂತೆಯೆಲ್ಲ ಅದರ ಓಟದ್ದೇ. 300 ಮೀಟರ್ ಹೇಗೋ ಓಡುತ್ತೇನೆ, ಆದರೆ ಪುಷ್‌ಅಪ್ ಮುಗಿಸಿ ಒಂದೂವರೆ ಮೈಲಿ ಓಡುವಾಗ ಕಾಲು ಕಲ್ಲಾಗುತ್ತದೆ. ದಿನಾ ಬೆಳಿಗ್ಗೆ ಅಭ್ಯಾಸ ಮಾಡುತ್ತಿದ್ದೇನೆ. ಬಂದೂಕು ಯಾಕೆ, ಕ್ವಾಂಟಿಕೋದಲ್ಲಿರುವ ಎಫ್‌ಬಿಐ ಲ್ಯಾಬ್‌ಗೇ ಸೇರು ಅಂತಾರೆ ಅಮ್ಮ. ಅದೂ ಒಳ್ಳೆಯ ಕೆಲಸವೇ, ಆದರೆ ನನಗೆ ತನಿಖೆಯೇ ಬೇಕು.