ಆಲ್ ವೀಲ್ ಡ್ರೈವ್: ಮುಂದಕ್ಕೂ ಹಿಂದಕ್ಕೂ 'ಹಂಚುತ್ತದೆ' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಾಲ್ಕೂ ಚಕ್ರಗಳಿಗೆ ಎಳೆತ ಕೊಡುವ ಗಾಡಿಗಳ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. "ಎಂಜಿನ್ನಿನ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುತ್ತದೆ" ಅನ್ನುವ ಮಾತು ಕಾರಿನ ಬರಹಗಳಲ್ಲಿ, ವಿಡಿಯೋಗಳಲ್ಲಿ ಆಗಾಗ ಸಿಗುತ್ತದೆ. ಇದರಲ್ಲಿ 'ಶಕ್ತಿ' ಸರಿಯಿಲ್ಲ, 'ಹಂಚು' ಕೆಲವು ಗಾಡಿಗಳಿಗೆ ಮಾತ್ರ ಸರಿ ಅಂತ ನನಗೆ ಅನ್ನಿಸುತ್ತದೆ.

'ಶಕ್ತಿ'ಯದು ಸಣ್ಣ ವಿಷಯ. ಶಾಲೆಯ ವಿಜ್ಞಾನದಲ್ಲಿ ಎನರ್ಜಿಗೆ ಶಕ್ತಿ, ಪವರ್‌ಗೆ ಸಾಮರ್ಥ್ಯ ಅಂತ ಕಲಿತಿದ್ದೇವೆ. ಕಂಪನಿಗಳು 40:60 (ಮುಂದಕ್ಕೆ 40, ಹಿಂದಕ್ಕೆ 60) ಅಂತ ಹೇಳುವುದು ಇವೆರಡರ ಲೆಕ್ಕವನ್ನಲ್ಲ, ಟಾರ್ಕ್‌ನ ಲೆಕ್ಕವನ್ನು. ಅದಕ್ಕೆ 'ತಿರುಗುಬಲ' ಅಂದರೆ ಓದುಗರಿಗೆ ತೊಡಕಾಗದು. ಟಾರ್ಕ್ ಅಂತಲೇ ಬರೆದರೂ ನನ್ನ ತಕರಾರಿಲ್ಲ.

ನಿಜವಾದ ತೊಡಕು 'ಹಂಚು' ಪದದ್ದು. 1966ರಲ್ಲಿ ಬಂದ ಇಂಗ್ಲೆಂಡಿನ ಜೆನ್ಸನ್ ಎಫ್‌ಎಫ್ ಕಾರನ್ನು ನೋಡಿ. ಅದರ ನಡುವಿನ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ನೂರರಲ್ಲಿ 37 ಪಾಲು ತಿರುಗುಬಲವನ್ನು ಮುಂದಕ್ಕೆ, 63 ಪಾಲನ್ನು ಹಿಂದಕ್ಕೆ ಕೊಡುತ್ತಿತ್ತು. 1980ರ ಆಡಿ ಕ್ವಾಟ್ರೋದಲ್ಲಿ ಅದು ಸಮಪಾಲು. ಈ ಅಂಕಿಗಳನ್ನು ತೀರ್ಮಾನಿಸುವುದು ಗೇರುಗಳ ಅಳತೆ. ಅಣ್ಣತಮ್ಮಂದಿರ ನಡುವೆ ಪಾಲುಪತ್ರ ಆದ ಮೇಲೆ ಆಸ್ತಿಯ ಪಾಲು ಹೇಗೆ ಬದಲಾಗದೋ ಹಾಗೆ. ಇಲ್ಲಿ 'ಹಂಚು', 'ಪಾಲು' ಎರಡೂ ಚೆನ್ನಾಗಿ ಒಪ್ಪುತ್ತವೆ.

ಈಗ ಇನ್ನೊಂದು ಬಗೆ. 1998ರ ಆಡಿ ಟಿಟಿಗೂ ಕ್ವಾಟ್ರೋ ಅನ್ನುವ ಅದೇ ಹೆಸರು. ಒಳಗಿನ ಏರ್ಪಾಟು ಮಾತ್ರ ಬೇರೆ. ಎಂಜಿನ್ ಮುಂದಿನ ಚಕ್ರಗಳನ್ನು ನೇರವಾಗಿ ತಿರುಗಿಸುತ್ತದೆ. ಹಿಂದಿನವು ಹಾಲ್ಡೆಕ್ಸ್ ಅನ್ನುವ ಕ್ಲಚ್ಚಿನ ಮೂಲಕ ಸೇರಿಕೊಳ್ಳುತ್ತವೆ. ಎಣ್ಣೆಯಲ್ಲಿ ಮುಳುಗಿದ ಹಲವು ಪ್ಲೇಟುಗಳು ಒತ್ತಿಕೊಂಡಷ್ಟೂ ಹಿಂದಕ್ಕೆ ಜಾಸ್ತಿ ತಿರುಗುಬಲ ಹೋಗಬಹುದು. ಸಡಿಲಾದರೆ ಹಿಂದಿನ ಚಕ್ರಗಳು ಸುಮ್ನೆ ಉರುಳುತ್ತವೆ. ನಮ್ಮಲ್ಲಿ ಓಡಾಡುವ ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್ ಕೂಡ ಈ ಜಾತಿಯದೇ. ಇಲ್ಲಿ ಮೊದಲೇ ನಿಗದಿಯಾದ ಪಾಲು ಅಂತ ಏನೂ ಇಲ್ಲ. ಕ್ಲಚ್ ಮಾಡುವುದು ಜೋಡಿಸುವ ಕೆಲಸ, ಹಂಚುವ ಕೆಲಸ ಅಲ್ಲ.

ಹೀಗಾಗಿ ಒಂದೇ ಅಂಕಿಗೆ ಎರಡು ಅರ್ಥ ಬರುತ್ತದೆ. 2005ರ ಆಡಿ ಆರ್‌ಎಸ್ 4 ಕಾರಿಗೂ 40:60, ಬಿಎಂಡಬ್ಲ್ಯುವಿನ ಎಕ್ಸ್‌ಡ್ರೈವ್ ಅನ್ನುವ ಆಲ್ ವೀಲ್ ಏರ್ಪಾಟಿಗೂ 40:60 ಅಂತ ಹೇಳುತ್ತಾರೆ. ಮೊದಲನೆಯದರಲ್ಲಿ ಅದು ಟಾರ್ಸನ್ ಅನ್ನುವ ಬಗೆಯ ಡಿಫರೆನ್ಷಿಯಲ್ಲಿನ ಗೇರುಗಳು ಕೊಡುವ ಮೂಲ ಪಾಲು. ಎರಡನೆಯದರಲ್ಲಿ ಹಿಂದಿನ ಚಕ್ರಗಳಿಗೆ ನೇರ ಸಂಪರ್ಕವಿದೆ, ಮುಂದಿನವಕ್ಕೆ ಕ್ಲಚ್. ಅಲ್ಲಿನ 40 ಅನ್ನುವುದು ಆ ಹೊತ್ತಿಗೆ ಕಂಪ್ಯೂಟರ್ ಕ್ಲಚ್ಚನ್ನು ಎಷ್ಟು ಬಿಗಿ ಹಿಡಿದಿದೆ ಅನ್ನುವುದರ ಲೆಕ್ಕ. ಎರಡನ್ನೂ 'ಹಂಚಿಕೆ' ಅಂದುಬಿಟ್ಟರೆ ಓದುಗನಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ, ಅಲ್ವಾ?

ಇನ್ನು ಥಾರ್, ಜಿಮ್ನಿ, ಹಳೆಯ ಜಿಪ್ಸಿಗಳ ಕತೆ. ಕೊಡಗು, ಮಲೆನಾಡಿನ ತೋಟದ ದಾರಿಗಳಲ್ಲಿ 'ಫೋರ್ ವೀಲ್ ಹಾಕು' ಅನ್ನುತ್ತಾರಲ್ಲ, ಅದು. ಈ ಗಾಡಿಗಳಿಗೆ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದ ಕೂಡಲೇ ಮುಂದಕ್ಕೂ ಹಿಂದಕ್ಕೂ ತಿರುಗುಬಲ ಒಯ್ಯುವ ಶಾಫ್ಟುಗಳು (ತಿರುಗುವ ದಂಡಗಳು) ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಇದನ್ನು 50:50 ಹಂಚಿಕೆ ಅಂತ ಬರೆಯುವುದು ತೀರಾ ತಪ್ಪು ದಾರಿ. ಇಲ್ಲಿ ಸಮವಾಗುವುದು ವೇಗ, ತಿರುಗುಬಲ ಅಲ್ಲ. ಮುಂದಿನ ಎರಡೂ ಚಕ್ರ ಕೆಸರಲ್ಲಿ ಸುಮ್ನೆ ಜಾರುತ್ತಿದ್ದರೆ ಹೆಚ್ಚುಕಡಿಮೆ ಇಡೀ ತಿರುಗುಬಲ ಹಿಂದಕ್ಕೇ ಹೋಗುತ್ತದೆ. ಗಾಡಿ ಮೇಲೆ ಬರುವುದೇ ಅದರಿಂದ. ಅದೇ ಜಾಗದಲ್ಲಿ ಲಾಕ್ ಇಲ್ಲದ ಸಾದಾ ಸಮಪಾಲಿನ ಡಿಫರೆನ್ಷಿಯಲ್ ಇದ್ದಿದ್ದರೆ, ಜಾರುವ ಚಕ್ರಕ್ಕೆ ಸಿಕ್ಕ ಚೂರೇ ಹಿಂದಕ್ಕೂ ಸಿಗುತ್ತಿತ್ತು. ನಿಜವಾಗಿ ಸಮವಾಗಿ ಹಂಚಿದ ಗಾಡಿ ಅಲ್ಲೇ ಹೂತು ಕೂರುತ್ತದೆ!

ವೇಗ ಸಮವಾಗುವುದರ ಇನ್ನೊಂದು ಮುಖ ಒಣ ಡಾಂಬರು ರಸ್ತೆಯಲ್ಲಿ ಕಾಣುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ಕಚ್ಚಿಕೊಂಡ ಶಾಫ್ಟು ಅದಕ್ಕೆ ಬಿಡುವುದಿಲ್ಲ. ಸ್ಟೀರಿಂಗ್ ಭಾರವಾಗುತ್ತದೆ, ಟೈರು ತೇಯುತ್ತದೆ, ಗೇರುಗಳ ಮೇಲೆ ಒತ್ತಡ ಕೂರುತ್ತದೆ. 'ಹಂಚುತ್ತದೆ' ಅಂತ ಓದಿದವನು ಒಣ ರಸ್ತೆಯಲ್ಲೂ ಫೋರ್ ವೀಲ್ ಹಾಕಿಕೊಂಡೇ ಓಡಿಸಿದರೆ ತಪ್ಪು ಅವನದಲ್ಲ, ಬರೆದವರದು.

ನನ್ನ ಸಲಹೆ ಇಷ್ಟು. ನಡುವೆ ಡಿಫರೆನ್ಷಿಯಲ್ ಇದ್ದರೆ 'ಹಂಚು', ಕ್ಲಚ್ ಇದ್ದರೆ 'ಜೋಡಿಸು', ಶಾಫ್ಟುಗಳೇ ಕಚ್ಚಿಕೊಂಡರೆ 'ಬಿಗಿ'. ಕೊನೆಯದರ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ಕ್ಲಚ್ ಒತ್ತುವುದಕ್ಕೂ 'ಬಿಗಿ' ಅಂತಲೇ ಬಾಯಿಗೆ ಬರುತ್ತದೆ. ಜೀಪು ಓಡಿಸುವವರು, ಗ್ಯಾರೇಜಿನವರು ಇದಕ್ಕೆ 'ಲಾಕ್' ಬಿಟ್ಟು ಬೇರೆ ಮಾತು ಆಡುವುದನ್ನು ಯಾರಾದರೂ ಕೇಳಿದ್ದೀರಾ? ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯವರು ದಯವಿಟ್ಟು ಬರೆಯಿರಿ.