ಪದ ಬೇಕಾಗಿದೆ: ಮುಖದ ನರಕ್ಕೆ ಪೆಟ್ಟು, ಬಿಡದ ನೋವು, ಮಿದುಳು

ಮಾನ್ಯರೇ,
ಮುಖದ ನರಕ್ಕೆ ಪೆಟ್ಟಾದ ಮೇಲೆ ತಿಂಗಳುಗಟ್ಟಲೆ ಉಳಿಯುವ ನೋವಿನ ಬಗ್ಗೆ ರೋಗಿಗಳಿಗೆ ಕೊಡುವ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅದು ಅಚ್ಚಿಗೆ ಹೋಗಬೇಕು. ‘ಟ್ರೈಜೆಮಿನಲ್’ ನರಕ್ಕೆ ‘ಮುಖನರ’ ಎಂದೂ, ‘ಸೆಂಟ್ರಲ್ ಸೆನ್ಸಿಟೈಸೇಶನ್’ಗೆ ‘ಕೇಂದ್ರೀಯ ಸಂವೇದನಾಶೀಲತೆ’ ಎಂದೂ ಸದ್ಯಕ್ಕೆ ಬರೆದಿದ್ದೇನೆ. ಇವುಗಳಿಗಿಂತ ಮೇಲಾದ ಪದಗಳಿದ್ದರೆ ದಯವಿಟ್ಟು ಇಂದೇ ತಿಳಿಸಬೇಕಾಗಿ ವಿನಂತಿ.

ಉತ್ತರ:
ತಾವು ಬರೆದುದರಲ್ಲಿ ‘ನರ’ವೊಂದೇ ಕನ್ನಡ. ತಮಿಳಿನ ‘ನರಂಬು’, ತೆಲುಗಿನ ‘ನರಮು’ ಅದರ ಒಡಹುಟ್ಟಿದವು. ಮನುಷ್ಯ ಎಂಬರ್ಥದ ಸಂಸ್ಕೃತದ ‘ನರ’ಕ್ಕೂ ಇದಕ್ಕೂ ನಂಟಿಲ್ಲ. ಈ ನರ ಮೂರಾಗಿ ಕವಲೊಡೆಯುವುದರಿಂದ ‘ಮುಕ್ಕವಲು ನರ’ ಎನ್ನಿ. ಇನ್ನೊಂದಕ್ಕೆ ‘ನಡುಮಿದುಳಿನ ಚುರುಕೇರಿಕೆ’ ಸಾಕು. ಉಳಿದದ್ದೆಲ್ಲ ಎರವಲು ಒಡವೆ.

ಉತ್ತರ:
ಎರವಲಿನ ಮಾತು ಆಮೇಲಾಗಲಿ. ಮೊದಲು ನರ ಯಾವುದೆಂದು ನೋಡೋಣ. ‘ಮುಖನರ’ವೆಂದರೆ ಮಿದುಳಿನಿಂದ ಹೊರಡುವ ನರಗಳಲ್ಲಿ ಏಳನೆಯದು. ಅದು ಮುಖದ ಸ್ನಾಯುಗಳನ್ನು ಆಡಿಸುತ್ತದೆ, ಕೆಟ್ಟರೆ ಬಾಯಿ ಸೊಟ್ಟಗಾಗುತ್ತದೆ. ಕೆನ್ನೆಯ ಮೇಲೆ ಗಾಳಿ ಸುಳಿದರೂ, ಹಲ್ಲುಜ್ಜಿದರೂ ಮಿಂಚು ಹೊಡೆದಂತೆ ನೋಯುವುದು ಐದನೆಯದರಿಂದ, ಅಂದರೆ ತಾವು ಕೇಳಿರುವ ಟ್ರೈಜೆಮಿನಲ್ ನರದಿಂದ. ಹಲ್ಲಿನದೇ ನೋವೆಂದು ಭಾವಿಸಿ ಒಳ್ಳೆಯ ಹಲ್ಲುಗಳನ್ನೇ ಕೀಳಿಸಿಕೊಂಡವರಿದ್ದಾರೆ. ಕರಪತ್ರವೂ ಅವರ ದಾರಿ ತಪ್ಪಿಸುವುದು ಬೇಡ. ‘ಮುಕ್ಕವಲು ನರ’ಕ್ಕೆ ನನ್ನ ಅಭ್ಯಂತರವಿಲ್ಲ, ಆದರೆ ವೈದ್ಯರು ಚೀಟಿಯಲ್ಲಿ ಬರೆಯುವ ‘ಟ್ರೈಜೆಮಿನಲ್’ ಪದವೂ ಪಕ್ಕದಲ್ಲಿರಲಿ.

‘ನಡುಮಿದುಳು’ ಶುದ್ಧ ತಪ್ಪು. ಅದು ಮಿದುಳಿನ ಒಂದು ನಿರ್ದಿಷ್ಟ ಭಾಗದ ಹೆಸರು. ಇಲ್ಲಿ ‘ಸೆಂಟ್ರಲ್’ ಎಂದರೆ ಮಿದುಳು ಮತ್ತು ಬೆನ್ನುಹುರಿ ಎರಡೂ ಸೇರಿದ ಕೇಂದ್ರ ನರವ್ಯೂಹ. ಗಾಯಗೊಂಡ ನರ ಎಡೆಬಿಡದೆ ಸಂಕೇತ ಕಳಿಸುತ್ತಿದ್ದರೆ ಮಿದುಳುಕಾಂಡದಲ್ಲಿ ಅದನ್ನು ಬರಮಾಡಿಕೊಳ್ಳುವ ಕೋಶಗಳು ಸಣ್ಣ ಸ್ಪರ್ಶಕ್ಕೂ ಉದ್ರೇಕಗೊಳ್ಳತೊಡಗುತ್ತವೆ. ಅಲ್ಲಿಂದ ಮೇಲಕ್ಕೆ, ಸಂಕೇತಗಳನ್ನು ಮುಂದಕ್ಕೆ ದಾಟಿಸುವ ಥಲಾಮಸ್‌ನಲ್ಲೂ, ಮುಖದ ಸ್ಪರ್ಶವನ್ನು ಗುರುತಿಸುವ ಮಿದುಳಿನ ಹೊರಪದರದಲ್ಲೂ, ನೋವಿನ ಸಂಕಟವನ್ನು ಅಳೆಯುವ ಇನ್ಸುಲಾ, ಸಿಂಗ್ಯುಲೇಟ್ ಭಾಗಗಳಲ್ಲೂ ಚಟುವಟಿಕೆಯ ರೀತಿ ಬದಲಾಗಬಹುದು. ಗಾಯದ ನಂತರ ಬೆನ್ನುಹುರಿಯೊಳಗಿನ ಪ್ರತಿಕ್ರಿಯೆಯೇ ಹೀಗೆ ಹೆಚ್ಚುವುದನ್ನು ನೋವಿನ ಸಂಶೋಧಕ ಕ್ಲಿಫರ್ಡ್ ವೂಲ್ಫ್ 1983ರಲ್ಲಿ ಇಲಿಗಳಲ್ಲಿ ತೋರಿಸಿದರು. ‘ಸಂವೇದನಾಶೀಲತೆ’ ಎಂದರೆ ರೋಗಿ ತನ್ನನ್ನು ಕವಿಯೆಂದು ಹೊಗಳುತ್ತಿದ್ದಾರೆಂದುಕೊಂಡಾನು. ‘ಕೇಂದ್ರ ನರವ್ಯೂಹದ ಅತಿಸೂಕ್ಷ್ಮತೆ’ ಎಂದು ಬರೆದು, ‘ಮೊದಲು ನೋಯಿಸದಿದ್ದ ಸ್ಪರ್ಶವೂ ಈಗ ನೋಯಿಸುತ್ತದೆ’ ಎಂದು ಒಂದು ಸಾಲು ಸೇರಿಸಿ. ‘ನೋವು ಮಿದುಳಿನಲ್ಲಿದೆ’ ಎಂದಂತೂ ಬರೆಯಬೇಡಿ. ‘ಎಲ್ಲಾ ನಿನ್ನ ಭ್ರಮೆ’ ಎಂದು ಮನೆಯವರಿಂದ ಕೇಳಿ ನೊಂದವರೇ ಅದನ್ನು ಓದುವವರು.

ಉತ್ತರ:
‘ಅತಿ’ಯೂ ‘ಸೂಕ್ಷ್ಮ’ವೂ ಎರವಲೇ. ಕನ್ನಡದಲ್ಲಿ ಪದ ಕಟ್ಟಲು ಬಾರದವರು ಶರೀರಶಾಸ್ತ್ರದ ಹಿಂದೆ ಅಡಗುತ್ತಾರೆ.

ಉತ್ತರ:
ತಾವು ಹೊರಗಟ್ಟಿದ ‘ಮುಖ’ವೇ ದ್ರಾವಿಡದಿಂದ ಸಂಸ್ಕೃತಕ್ಕೆ ಹೋದದ್ದೆಂದು ವಾದಿಸಿದ ಭಾಷಾವಿಜ್ಞಾನಿಗಳಿದ್ದಾರೆ. ಆ ಜಗಳವನ್ನು ಬೇರೆ ಎಳೆಯಲ್ಲಿ ಮುಂದುವರಿಸೋಣ.

ಮಾನ್ಯರೇ,
‘ಮುಕ್ಕವಲು ನರ ಅಥವಾ ಟ್ರೈಜೆಮಿನಲ್ ನರ’ ಎಂದೂ, ‘ಕೇಂದ್ರ ನರವ್ಯೂಹದ ಅತಿಸೂಕ್ಷ್ಮತೆ’ ಎಂದೂ ತಿದ್ದಿದ್ದೇನೆ. ‘ಕ್ರಾನಿಕ್’ ಎಂಬುದಕ್ಕೆ ‘ದೀರ್ಘಕಾಲಿಕ’ವನ್ನು ಬಿಟ್ಟು ‘ಮೂರು ತಿಂಗಳು ಮೀರಿದರೂ ಬಿಡದ ನೋವು’ ಎಂದು ಬರೆದಿದ್ದೇನೆ. ಆಕ್ಷೇಪವಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.