ಸಹಾಯ ಬೇಕು: ಬೇಳೆ ಮಿಲ್ಲಿನ ಐಆರ್‌ಆರ್‌ನಲ್ಲಿ ಸಬ್ಸಿಡಿ ಯಾವ ವರ್ಷಕ್ಕೆ?

ಆಳಂದ ಕಡೆ ಪಾಲುದಾರಿಕೆಯಲ್ಲಿ, ಬ್ಯಾಂಕ್ ಸಾಲ ತಗೊಂಡು ತೊಗರಿ ಬೇಳೆ ಮಿಲ್ ಹಾಕುವ ಲೆಕ್ಕ ಇದು. ಐಆರ್‌ಆರ್ ಅಂದರೆ ಹೂಡಿದ ಹಣಕ್ಕೆ ವರ್ಷಕ್ಕೆ ಶೇಕಡಾ ಎಷ್ಟು ಗಳಿಕೆ ಬೀಳುತ್ತದೆ ಅನ್ನೋ ದರ. ಸಿಎ ಆದವರು, ಬ್ಯಾಂಕಿನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ನೋಡುವವರು ದಯವಿಟ್ಟು ಒಮ್ಮೆ ಕಣ್ಣಾಡಿಸ್ರಿ.

ಶೆಡ್, ಯಂತ್ರಕ್ಕೆ 32 ಲಕ್ಷ, ದುಡಿಯುವ ಬಂಡವಾಳ 8 ಲಕ್ಷ. ಬಡ್ಡಿ ಕಳೆಯದ ನಿವ್ವಳ ನಗದು ವರ್ಷವಾರು 6, 10, 13, 13, 13 ಲಕ್ಷ. ಐದನೇ ವರ್ಷ ಆ 8 ಲಕ್ಷ ವಾಪಸ್ ಸೇರಿ 21. ಐಆರ್‌ಆರ್ 14.3%. ಬಡ್ಡಿಯನ್ನು ಬೇಕೆಂದೇ ಕಳೆದಿಲ್ಲ. ಕಳೆದು, ಮತ್ತೆ ಸಾಲದ ದರಕ್ಕೇ ಹೋಲಿಸಿದರೆ ಒಂದೇ ಖರ್ಚು ಎರಡು ಸಲ ಬಿದ್ದಂಗೆ.

ಗೊಂದಲ ಇರೋದು ಪಿಎಂಎಫ್‌ಎಂಇ (ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಕೇಂದ್ರದ ಯೋಜನೆ) ಸಬ್ಸಿಡಿಯಲ್ಲಿ. 32 ಲಕ್ಷದ 35% ಅಂದರೆ 11.2 ಲಕ್ಷ, ಆದರೆ ಮಿತಿ 10 ಲಕ್ಷ. ಅದನ್ನು ಶುರುವಿಗೇ ಕಳೆದು ಹೂಡಿಕೆ 30 ಲಕ್ಷ ಅಂದರೆ ಐಆರ್‌ಆರ್ 25.1%. ಮೂರು ವರ್ಷದ ನಂತರ ಸಾಲಕ್ಕೆ ಜಮೆಯಾಗುವಾಗ ಹಾಕಿದರೆ 20%. ಆದರೆ ಆ ಮೂರು ವರ್ಷ ಸಬ್ಸಿಡಿಯಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಇಲ್ಲ, ಹಂಗಾಗಿ ಎರಡೂ ಪೂರ್ತಿ ಸರಿ ಅನಿಸುತ್ತಿಲ್ಲ. ಪ್ರಾಜೆಕ್ಟ್ ಐಆರ್‌ಆರ್‌ನಿಂದ (ಸಾಲವೂ ಸೇರಿದ ಪೂರ್ತಿ ಹೂಡಿಕೆಯ ಲೆಕ್ಕ) ಸಬ್ಸಿಡಿ ಬಿಟ್ಟು, ಸ್ವಂತ ಬಂಡವಾಳದ ಐಆರ್‌ಆರ್‌ನಲ್ಲಿ ಮಾತ್ರ ತೋರಿಸಬೇಕೇ?

ಇನ್ನೊಂದು ಮಾತು. ವರ್ಷಕ್ಕೆ ನಗದು ಒಂದೇ ಲಕ್ಷ ಕಡಿಮೆಯಾದರೂ 14.3 ಹೋಗಿ 11.3ಕ್ಕೆ ಇಳಿಯುತ್ತದೆ. ಕೂಲಿ ಮಿಲ್ಲಿಂಗ್ (ಬೇರೆಯವರ ತೊಗರಿಯನ್ನು ಕೂಲಿಗೆ ಒಡೆದುಕೊಡೋದು) ಸೇರಿ ವರ್ಷಕ್ಕೆ 5,000 ಕ್ವಿಂಟಲ್ ಹಿಡಿದರೆ ಆ ಒಂದು ಲಕ್ಷ ಅಂದರೆ ಕ್ವಿಂಟಲಿಗೆ ಬರೀ 20 ರೂಪಾಯಿ! ಮಿಲ್ ನಡೆಸುವವರು ಕರೆಂಟು, ಎಮರಿ ರೋಲರ್ (ಸಿಪ್ಪೆ ಉಜ್ಜಿ ತೆಗೆಯುವ ಉರುಳೆ) ಸವಕಳಿಗೆ ಕ್ವಿಂಟಲಿಗೆ ಎಷ್ಟು ಹಿಡೀತೀರಿ ಅನ್ನೋದನ್ನೂ ಹೇಳ್ರಿ.